ಅಳತೆಗೆ ನಿಂತವನು

ಇಪ್ಪತ್ತನಾಲ್ಕು ಪ್ರತಿ. ಎಲ್ಲಾ ಒಂದೇ ಚಿತ್ರ.
ಹೊಳಲ್ಕೆರೆ ರಸ್ತೆಯ ಹೊಸ ಲಾಡ್ಜಿಗೆ, ರೂಮಿಗೊಂದು.
ಕರಿ ಪಟ್ಟಿ, ಬಿಳಿ ಮೌಂಟು,
ಗಾಜಿನ ಮೇಲೆ ಬೆರಳಚ್ಚು ಕೂರಬಾರದು ಎಂದು ತಾಕೀತು ಮಾಡಿ
ದಸ್ತಗೀರ್ ಸಾಬರು ನಮಾಜಿಗೆ ಹೋದರು.
ಬಳೆ ಕಳಚಿಟ್ಟು ಕೂತೆ.

ಕಂಪನಿ ಕಾಲದ್ದಂತೆ.
ಯಾರೋ ಲೆಫ್ಟಿನೆಂಟು ಡೇರೆಯ ನೆರಳಲ್ಲಿ ಗೀಚಿದ್ದು,
ಆರು ತಿಂಗಳು ಹಡಗಲ್ಲಿ ಹೋಗಿ,
ಈ ಬೆಟ್ಟವನ್ನು ಕನಸಲ್ಲೂ ಕಾಣದ ಇನ್ನೊಬ್ಬ
ಲಂಡನ್ನಿನ ಮಬ್ಬಿನಲ್ಲಿ ತಾಮ್ರದ ತಗಡಿಗೆ ಕೊರೆದದ್ದು.
ಸೂಜಿ ಗೀರಿದಲ್ಲೆಲ್ಲ ಆಸಿಡ್ಡು ತಾಮ್ರ ತಿಂದಿತು,
ತಿಂದ ಗುಳಿಯಲ್ಲಿ ಮಸಿ ನಿಂತಿತು,
ಮಸಿಯೊಳಗಿಂದ ನಮ್ಮ ಕೋಟೆ ಎದ್ದಿತು
ಒದ್ದೆ ಕಾಗದದ ಮೇಲೆ, ಮುನ್ನೂರು ಸಲ.

ಏಳು ಸುತ್ತು ಹತ್ತಲು ಎಷ್ಟು ದಂಡು ಸವೆಯಿತೋ.
ಕಾಗದದ್ದಾದರೆ ಸುರುಳಿ ಸುತ್ತಿ
ಒಬ್ಬ ಆಳು ಕಂಕುಳಲ್ಲಿ ಒಯ್ಯಬಹುದು.
ಚಂದಾ ಕಟ್ಟಿದವರ ಮನೆಮನೆಗೆ ಹಂಚಬಹುದು.
ಊಟದ ಮೇಜಿನ ಎದುರು ತೂಗುಹಾಕಿ
‘ಇದೂ ನಮ್ಮದೇ’ ಎಂದು ಚಮಚದಲ್ಲಿ ತೋರಿಸಬಹುದು.

ಚೆಂದ ಇದೆ, ಸುಳ್ಳಾಡಲ್ಲ.
ಬತೇರಿಯ ನೆತ್ತಿಗೆ ನಮ್ಮೂರು ಕಾಣದಂಥ ಬಿಸಿಲು.
ಯಾವ ತೋಪೂ ಹೊಡೆಯದ ಕಡೆ ಒಂದು ಬಿರುಕು,
ಬಿರುಕಿನಲ್ಲಿ ಇಲ್ಲದ ಆಲದ ಬೇರು.
ಹಾಳು ಬಿದ್ದಂತೆ ಕಾಣಬೇಕಲ್ಲ,
ಹಾಳು ಮನೆಗೆ ತಾನೇ ಹೊಸ ಯಜಮಾನ ಬೇಕಾಗುವುದು!
ಮದ್ದು ಬೀಸುವ ಕಲ್ಲಿಲ್ಲ. ಹೊಂಡಕ್ಕೆ ಬಂದ ಕೊಡಗಳಿಲ್ಲ.
ಆ ಕಿಂಡಿಯಂತೂ ಇಲ್ಲವೇ ಇಲ್ಲ.
ಸೂಜಿಮೊನೆಗಿಂತ ಸಣ್ಣದು, ಅವರ ಲೆಕ್ಕದಲ್ಲಿ.

ಕೆಳಗೆ, ಬಲಮೂಲೆಯಲ್ಲಿ, ಒಬ್ಬನಿದ್ದಾನೆ.
ತಲೆಗೆ ರುಮಾಲು, ಸೊಂಟಕ್ಕೆ ತುಂಡು ಬಟ್ಟೆ.
ಜೋಳದ ಕಾಳಿನಷ್ಟು.
ಬಂಡೆ ಎಷ್ಟೆತ್ತರ ಎಂದು ತಿಳಿಯಲಿ ಅಂತ
ತಂದು ನಿಲ್ಲಿಸಿದ ಅಳತೆಗೋಲು.
ಬರೆದವನ ಹೆಸರು ಎಡಕ್ಕೆ, ಕೊರೆದವನದು ಬಲಕ್ಕೆ,
ನಡುವೆ ಕಂಪನಿಯ ದೊರೆಗಳಿಗೆ ವಿನಯದ ಅರ್ಪಣೆ,
ಬಾಲ ಸುತ್ತಿದ ಅಕ್ಷರಗಳಲ್ಲಿ.

ನಮ್ಮಜ್ಜ ಗಾಳೆಪ್ಪ ಕಲ್ಲು ಒಡೆಯುತ್ತಿದ್ದ.
ಈ ಗೋಡೆಗೆ ಕಲ್ಲು ಸೀಳಿದವರು ನಮ್ಮವರೇ ಅನ್ನುತ್ತಿದ್ದ.
ಬಂಡೆಗೆ ಸಾಲಾಗಿ ಹಲ್ಲು ಕೊರೆದು, ಒಣ ಗೂಟ ಜಡಿದು,
ನೀರುಣಿಸಿ, ಎಲೆಅಡಿಕೆ ಹಾಕಿ ಕಾಯುವುದು.
ಗೂಟ ನೆನೆದು ಉಬ್ಬುತ್ತದೆ.
ರಾತ್ರಿ ಯಾವಾಗಲೋ ಬೆಟ್ಟ ಟಪ್ಪೆನ್ನುತ್ತದೆ, ಅಷ್ಟೆ.
ಆ ಹಲ್ಲಿನ ಗುರುತು ಈಗಲೂ ಇವೆ ಮೇಲೆ,
ಒಂದೊಂದರಲ್ಲೂ ಬೆರಳಿಟ್ಟು ನೋಡಿದ್ದೇನೆ.

ಇನ್ನೊಂದು ತಪ್ಪು. ಮೆಟ್ಟಿಲು ಎಡಕ್ಕೆ ಏರುತ್ತದೆ.
ಶಾಲೆ ತಪ್ಪಿಸಿ ಹತ್ತಿದ ಕಾಲಿಗೆ ಗೊತ್ತು, ಅದು ಬಲಕ್ಕೆ.
ತಗಡಿನ ಮೇಲೆ ತಿರುವಿ ಕೊರೆಯಬೇಕು,
ಅಚ್ಚಾಗುವಾಗ ನೆಟ್ಟಗಾಗುತ್ತದೆ.
ಪುಣ್ಯಾತ್ಮ ಅಕ್ಷರಕ್ಕೆ ನೆನಪಿಟ್ಟುಕೊಂಡ,
ಬೆಟ್ಟಕ್ಕೆ ಮರೆತ.

ಎದುರಿಗೆ ಸಲೂನಿನವರು ಹೇಳಿಹೋದ ದೊಡ್ಡ ಕನ್ನಡಿ.
ಹದಿನೇಳನೆಯ ಪ್ರತಿ ಎತ್ತಿ ಹಿಡಿದೆ, ಸುಮ್ಮನೆ.
ಮೆಟ್ಟಿಲು ಬಲಕ್ಕೆ ಏರಿತು.
ಬಂಡೆ ತನ್ನ ಜಾಗಕ್ಕೆ ಸರಿದು ಕೂತಿತು.
ದೊರೆಗಳ ಹೆಸರು ಹಿಂದುಮುಂದಾಗಿ
ಯಾವ ಭಾಷೆಗೂ ಸೇರದ ಇರುವೆಸಾಲಾಯಿತು.
ಅವನು, ಆ ಜೋಳದ ಕಾಳು,
ನನ್ನ ಎಡಗೈ ಬೆರಳ ಪಕ್ಕ ಬಂದು ನಿಂತ.
ಬೆರಳಿಗೆ ಹೋಲಿಸಿದರೆ ಕೋಟೆಯೇ ಏನು ಮಹಾ ಎತ್ತರವಿಲ್ಲ.

ಲಾಡ್ಜಿನವರು ಹೇಳಿ ಕಳಿಸಿದ್ದರು:
ಇಂಗ್ಲಿಷು ಕಾಣಲಿ, ಗಿರಾಕಿಗೆ ನಂಬಿಕೆ ಬರುತ್ತೆ.
ಇಪ್ಪತ್ಮೂರರಲ್ಲಿ ಕಾಣುತ್ತದೆ.
ಒಂದರಲ್ಲಿ ಬ್ಲೇಡು ಕಾಲಿಂಚು ಮೇಲೆ ಹೋಯಿತು,
ಅವನ ಪಾದದವರೆಗೆ, ಅಲ್ಲಿಗೆ ನಿಲ್ಲಿಸಿದೆ.
ಅದು ಯಾವ ರೂಮಿಗೆ ಹೋಗುತ್ತದೋ ಗೊತ್ತಿಲ್ಲ.

ಸಾಬರು ಬಂದು ಅಳತೆಪಟ್ಟಿ ಎಲ್ಲಿ ಅಂದರು.
ನನ್ನ ಹೆಗಲ ಮೇಲೇ ಇತ್ತು.